ಚಕಮಕಿ ಕಲ್ಲಿನ ಗುಡ್ಡಗಳಲ್ಲಿ ನೂರು ಮೈಲಿ

"ದುಡ್ಡು ಕೊಟ್ಟು ಇಷ್ಟು ಕಷ್ಟ ಪಡ್ತೀರಲ್ಲ, ನಿಮಗೆ ಹೇಳೋರು ಕೇಳೋರು ಯಾರೂ ಇಲ್ವಾ?"

ತುಮಕೂರಿನಿಂದ ಮಗನ ಮನೆಗೆಂದು ಅಮೆರಿಕಕ್ಕೆ ಬಂದಿದ್ದ ಅಮ್ಮ ಕೇಳಿದ ಪ್ರಶ್ನೆ ಇದು. ಆಗ ನಾವು ನಾಲ್ವರು ಕನ್ನಡಿಗರು ಕಾನ್ಸಾಸ್ ರಾಜ್ಯದ ಒಂದು ಪುಟ್ಟ ಊರಿನ ಬೀದಿಬದಿಯಲ್ಲಿ, ಮೈತುಂಬ ಬಿಳಿ ಧೂಳು ಮೆತ್ತಿಕೊಂಡು, ಅವರು ಕಲಸಿ ತಂದಿದ್ದ ಮೊಸರನ್ನವನ್ನು ನಿಂತುಕೊಂಡೇ ನುಂಗುತ್ತಿದ್ದೆವು. ಬೆಳಗಿನಿಂದ ಐವತ್ತೆಂಟು ಮೈಲಿ ಸೈಕಲ್ ತುಳಿದಾಗಿತ್ತು. ಇನ್ನೂ ನಲವತ್ತಕ್ಕೂ ಹೆಚ್ಚು ಬಾಕಿ ಇತ್ತು. ಅಮ್ಮನಿಗೆ ಕೊಡಲು ನಮ್ಮಲ್ಲಿ ಯಾರ ಬಳಿಯೂ ಉತ್ತರ ಇರಲಿಲ್ಲ.

ನಾವು ಇಳಿದಿದ್ದು 'ಅನ್‌ಬೌಂಡ್ ಗ್ರ್ಯಾವೆಲ್' ಎಂಬ ಸೈಕಲ್ ಸ್ಪರ್ಧೆಗೆ. ಡಾಂಬರು ರಸ್ತೆಯ ಸ್ಪರ್ಧೆಯಲ್ಲ ಇದು. ನಮ್ಮ ಉತ್ತರ ಕರ್ನಾಟಕದ ಕಡೆ 'ಗರಸಿನ ರಸ್ತೆ' ಎನ್ನುತ್ತಾರಲ್ಲ, ಅಂಥ ಕಲ್ಲುಮಣ್ಣಿನ ಕಚ್ಚಾ ರಸ್ತೆಗಳ ಮೇಲೆಯೇ ಬಹುಪಾಲು ನಡೆಯುವ ಸ್ಪರ್ಧೆ. 25, 50, 100, 200 ಮೈಲಿಗಳ ವಿಭಾಗಗಳಿವೆ. ಅದೂ ಸಾಲದೆಂಬವರಿಗೆ ರಾತ್ರಿಯಿಡೀ ತುಳಿಯುವ 350 ಮೈಲಿಯ ಆಸುಪಾಸಿನ ಇನ್ನೊಂದು ವಿಭಾಗವಿದೆ. ನಾವು ಆರಿಸಿಕೊಂಡಿದ್ದು ನೂರು ಮೈಲಿಯದು. ನಮ್ಮ ಲೆಕ್ಕದಲ್ಲಿ 161 ಕಿಲೋಮೀಟರ್, ಬೆಂಗಳೂರಿನಿಂದ ಮೈಸೂರು ದಾಟಿದಷ್ಟು ದೂರ.

ಸ್ಪರ್ಧೆ ನಡೆಯುವುದು ಎಂಪೋರಿಯಾ ಎಂಬ ಊರಿನಲ್ಲಿ. ಜನಸಂಖ್ಯೆ ಇಪ್ಪತ್ತೈದು ಸಾವಿರದೊಳಗೆ. ಕಾನ್ಸಾಸ್ ಸಿಟಿಯಿಂದ ಕಾರಿನಲ್ಲಿ ಎರಡು ಗಂಟೆಯೊಳಗಿನ ದಾರಿ. ವಿಚಿಟಾ ಕಡೆಗೆ ಹೋಗುವವರು ಪೆಟ್ರೋಲ್ ಹಾಕಿಸಿಕೊಳ್ಳಲು ನಿಲ್ಲುವ ಊರು ಎಂದಷ್ಟೇ ನಮಗೆ ಅದರ ಪರಿಚಯವಿತ್ತು. 2006ರಲ್ಲಿ ಜಿಮ್ ಕಮಿನ್ಸ್ ಮತ್ತು ಜೋಯೆಲ್ ಡೈಕ್ ಎಂಬಿಬ್ಬರು ಇಲ್ಲಿ ಈ ಸ್ಪರ್ಧೆ ಆರಂಭಿಸಿದಾಗ ಬಂದವರು 34 ಮಂದಿ. ಈಗ ಬರುವವರು ಸಾವಿರಾರು. ಬರಬೇಕೆಂದವರಿಗೆಲ್ಲ ಜಾಗ ಸಾಲದೆ ಲಾಟರಿ ಎತ್ತುತ್ತಾರೆ. ಮೊದಲು ಇದರ ಹೆಸರು 'ಡರ್ಟಿ ಕ್ಯಾನ್ಸಾ' ಎಂದಿತ್ತು. ಕ್ಯಾನ್ಸಾ ಎಂಬುದು ಇಲ್ಲಿನ ಮೂಲನಿವಾಸಿಗಳ ಹೆಸರು, ರಾಜ್ಯಕ್ಕೆ ಕಾನ್ಸಾಸ್ ಎಂಬ ಹೆಸರು ಬಂದಿದ್ದೂ ಅವರಿಂದಲೇ. ಒಂದು ಜನಾಂಗದ ಹೆಸರಿನ ಪಕ್ಕದಲ್ಲಿ 'ಕೊಳಕು' ಎಂಬ ಪದ ಕೂರುವುದು ಸರಿಯಲ್ಲ ಎಂಬ ಆಕ್ಷೇಪ ಬಲವಾದ ಮೇಲೆ 2020ರಲ್ಲಿ ಹೆಸರು ಬದಲಾಯಿತು.

ನೇಗಿಲಿಗೆ ಬಗ್ಗದ ನೆಲ

ಎಂಪೋರಿಯಾದ ಸುತ್ತಲಿನ ಪ್ರದೇಶಕ್ಕೆ 'ಫ್ಲಿಂಟ್ ಹಿಲ್ಸ್' ಎನ್ನುತ್ತಾರೆ. ಫ್ಲಿಂಟ್ ಎಂದರೆ ಚಕಮಕಿ ಕಲ್ಲು. ಒಂದು ಕಾಲದಲ್ಲಿ ಉತ್ತರ ಅಮೆರಿಕದ ನಡುಭಾಗವನ್ನು ಆಳೆತ್ತರದ ಹುಲ್ಲು ಆವರಿಸಿತ್ತು. ಸುಮಾರು 17 ಕೋಟಿ ಎಕರೆ ಇದ್ದ ಆ ಹುಲ್ಲುಗಾವಲಿನಲ್ಲಿ ಈಗ ಉಳಿದಿರುವುದು ಶೇ 4ಕ್ಕಿಂತ ಕಡಿಮೆ. ಉಳಿದ ನೆಲವೆಲ್ಲ ಜೋಳ, ಸೋಯಾ, ಗೋಧಿಯ ಹೊಲಗಳಾಗಿವೆ. ಫ್ಲಿಂಟ್ ಹಿಲ್ಸ್ ಮಾತ್ರ ಉಳಿದುಕೊಂಡಿದ್ದಕ್ಕೆ ಕಾರಣ ಈ ಕಲ್ಲು. ತೆಳುವಾದ ಮಣ್ಣಿನ ಅಡಿಯಲ್ಲಿ ಸುಣ್ಣಕಲ್ಲು, ಅದರೊಳಗೆ ಚಕಮಕಿ. ರೈತರ ನೇಗಿಲು ಅದಕ್ಕೆ ಸೋತಿತು. ಹಾಗಾಗಿ ಹುಲ್ಲು ಹುಲ್ಲಾಗಿಯೇ ಉಳಿದು, ದನಗಳ ಮೇವಾಯಿತು. 1996ರಲ್ಲಿ ಇದರ ಒಂದು ಭಾಗ ರಾಷ್ಟ್ರೀಯ ಸಂರಕ್ಷಿತ ಪ್ರದೇಶವಾಗಿ ಘೋಷಣೆಯಾಯಿತು.

ನೇಗಿಲನ್ನು ಸೋಲಿಸಿದ ಕಲ್ಲಿಗೆ ಸೈಕಲ್ ಟೈರು ಯಾವ ಲೆಕ್ಕ? ಆದಿಮಾನವ ಬಾಣದ ಮೊನೆ, ಚೂರಿ ಮಾಡಿಕೊಳ್ಳುತ್ತಿದ್ದದ್ದು ಇಂಥ ಕಲ್ಲಿನಿಂದಲೇ. ಒಡೆದರೆ ಅಂಚು ಕತ್ತಿಯಂತಾಗುತ್ತದೆ. ಇಲ್ಲಿನ ರಸ್ತೆಗಳಲ್ಲಿ ಅಂಥ ಚೂರುಗಳು ಮೈಲಿಗಟ್ಟಲೆ ಹರಡಿಕೊಂಡಿರುತ್ತವೆ. ಕೆಲವು ದಾರಿಗಳ ಬಾಯಲ್ಲಿ 'ಇದು ಕನಿಷ್ಠ ನಿರ್ವಹಣೆಯ ರಸ್ತೆ, ನಿಮ್ಮ ಹೊಣೆಯಲ್ಲಿ ಸಾಗಿರಿ' ಎಂಬ ಅರ್ಥದ ಸರ್ಕಾರಿ ಬೋರ್ಡೇ ಇರುತ್ತದೆ. ಆ ಬೋರ್ಡು ಕಂಡಾಗಲೆಲ್ಲ ನಮಗೆ ಊರಿನ ರಸ್ತೆಗಳು ನೆನಪಾಗಿ ನಗು ಬರುತ್ತಿತ್ತು. ನಮ್ಮಲ್ಲಿ ಬೋರ್ಡು ಹಾಕುವುದಿಲ್ಲ, ಅಷ್ಟೇ ವ್ಯತ್ಯಾಸ.

ಮಳೆ ಬಂದರಂತೂ ಬೇರೆಯದೇ ಕಥೆ. 2023ರ ಸ್ಪರ್ಧೆಯಲ್ಲಿ 200 ಮೈಲಿಯವರು ಹೊರಟು ಹೆಚ್ಚು ದೂರ ಹೋಗುವ ಮೊದಲೇ ಕೆಸರಿನ ರಸ್ತೆ ಎದುರಾಗಿ, ಜಗತ್ತಿನ ದೊಡ್ಡ ದೊಡ್ಡ ಸೈಕಲ್ ಪಟುಗಳು ಸೈಕಲನ್ನು ಹೆಗಲ ಮೇಲೆ ಹೊತ್ತು ನಡೆದರು. ಗದಗ, ಧಾರವಾಡ, ವಿಜಯಪುರದ ಎರೆ ಹೊಲದಲ್ಲಿ ಮಳೆಗಾಲದಲ್ಲಿ ಸೈಕಲ್ ತಳ್ಳಿದವರಿಗೆ ಇದನ್ನು ವಿವರಿಸಬೇಕಿಲ್ಲ. ಎರಡು ಸುತ್ತು ತಿರುಗುವಷ್ಟರಲ್ಲಿ ಚಕ್ರಕ್ಕೆ ಮಣ್ಣು ಮೆತ್ತಿಕೊಂಡು ಅಲುಗಾಡದಂತಾಗುತ್ತದೆ. ಎಳೆದರೆ ಗೇರು ಬದಲಿಸುವ ಡಿರೈಲರ್ ಮುರಿಯುತ್ತದೆ. ಅನುಭವಸ್ಥರು ಮಣ್ಣು ಕೆರೆಯಲೆಂದೇ ಜೇಬಿನಲ್ಲಿ ಒಂದು ಮರದ ಚಕ್ಕೆ ಇಟ್ಟುಕೊಂಡಿರುತ್ತಾರೆ.

ಏಪ್ರಿಲ್ 15ರ ನಂತರ

ನಮ್ಮ ಗುಂಪಿನ ಹಿರಿಯರು ಗದಗ ಜಿಲ್ಲೆಯ ರೋಣದ ಕಡೆಯವರು. ವಯಸ್ಸು 51. ನಾವೆಲ್ಲ ಅವರನ್ನು 'ಅಣ್ಣಾರು' ಎನ್ನುತ್ತೇವೆ. ಹಿಂದೊಮ್ಮೆ ಒಬ್ಬರೇ ಈ ಸ್ಪರ್ಧೆಗೆ ಇಳಿದು, ಕೆಸರಿನಲ್ಲಿ ಡಿರೈಲರ್ ಮುರಿದುಕೊಂಡು ವಾಪಸಾಗಿದ್ದರು. ಇದು ಅವರ ಎರಡನೇ ಪ್ರಯತ್ನ. ಎರಡನೆಯವರು ಹಾಸನದ ಗೆಳತಿ, ಆಸ್ಪತ್ರೆಯ ತುರ್ತು ವಿಭಾಗದಲ್ಲಿ ನರ್ಸ್. ಉಳಿದ ಇಬ್ಬರು ನಾವು, ಬಿಕಾಂ ಮುಗಿಸಿ ಸಿಎ ಮಾಡಿಕೊಂಡು ಇಲ್ಲಿಗೆ ಬಂದ ಲೆಕ್ಕಪತ್ರದ ಜನ. 'ಅಟೆಂಪ್ಟ್' ಎಂಬ ಪದದ ಭಾರ ಸಿಎ ಓದಿದವರಿಗೆ ಚೆನ್ನಾಗಿ ಗೊತ್ತು. ಅಣ್ಣಾರ ಎರಡನೇ ಅಟೆಂಪ್ಟನ್ನು ಹೇಗಾದರೂ ದಾಟಿಸಬೇಕು ಎಂಬುದು ನಮ್ಮೆಲ್ಲರ ಹಟವಾಗಿತ್ತು. ನಾಲ್ವರೂ ಒಟ್ಟಿಗೆ ಹೊರಟು ಒಟ್ಟಿಗೆ ಮುಗಿಸುವುದು, ಯಾರನ್ನೂ ಬಿಟ್ಟುಹೋಗುವಂತಿಲ್ಲ ಎಂದು ಮಾತಾಗಿತ್ತು.

ತಯಾರಿ ಹೇಳಿಕೊಳ್ಳುವಂತಿರಲಿಲ್ಲ. ಅಮೆರಿಕದಲ್ಲಿ ಆದಾಯ ತೆರಿಗೆ ರಿಟರ್ನ್ ಸಲ್ಲಿಸಲು ಏಪ್ರಿಲ್ 15 ಗಡುವು. ಜನವರಿಯಿಂದ ಅಲ್ಲಿಯವರೆಗೆ ನಮ್ಮಂಥವರಿಗೆ ಭಾನುವಾರವೂ ಇಲ್ಲ. ರಾತ್ರಿ ಹತ್ತಕ್ಕೆ ಮನೆಗೆ ಬಂದು, ಬೇಸ್‌ಮೆಂಟಿನಲ್ಲಿ ಸ್ಟ್ಯಾಂಡಿಗೆ ಕಟ್ಟಿದ ಸೈಕಲನ್ನು ಒಂದು ಗಂಟೆ ತುಳಿದರೆ ಅದೇ ದೊಡ್ಡದು. ಏಪ್ರಿಲ್ 16ರಿಂದ ಸ್ಪರ್ಧೆಗೆ ಆರು ವಾರ ಸಿಕ್ಕಿತು. ಪಕ್ಕದ ಮಿಸೌರಿ ರಾಜ್ಯದಲ್ಲಿ ಹಳಿ ಕಿತ್ತ ರೈಲು ಮಾರ್ಗವನ್ನೇ ಸೈಕಲ್ ದಾರಿ ಮಾಡಿದ್ದಾರೆ. 'ಕೇಟಿ ಟ್ರೇಲ್' ಎಂಬ ಅದು ಸುಮಾರು 240 ಮೈಲಿ ಉದ್ದವಿದೆ. ವಾರಾಂತ್ಯಗಳಲ್ಲಿ ಅಲ್ಲಿ ತುಳಿದೆವು. ಆದರೆ ರೈಲು ಹೋಗುತ್ತಿದ್ದ ದಾರಿಯಲ್ಲಿ ಏರು ಎಲ್ಲಿಂದ ಬರಬೇಕು? ಫ್ಲಿಂಟ್ ಹಿಲ್ಸ್‌ನಲ್ಲಿ ದೊಡ್ಡ ಬೆಟ್ಟವಿಲ್ಲ ನಿಜ, ಆದರೆ ಸಮತಟ್ಟು ಎಂಬುದೂ ಇಲ್ಲ. ಒಂದು ದಿಣ್ಣೆ ಹತ್ತಿ ಇಳಿದರೆ ಎದುರಿಗೆ ಇನ್ನೊಂದು, ಅದರಾಚೆ ಮತ್ತೊಂದು.

ಅಣ್ಣಾರು ಒಂದು ಮಾತು ಹತ್ತು ಸಲ ಹೇಳಿದ್ದರು: "ಉಳದದ್ದಕ್ಕ ಏನರ ಮಾಡ್ರಿ, ಟೈರು ಮಾತ್ರ ಹೊಸಾವು ದಪ್ಪನವು ಹಾಕಸ್ರಿ." ಅವರೂ ಹಾಸನದ ಗೆಳತಿಯೂ ಹಾಕಿಸಿದರು. ನಾವಿಬ್ಬರು ಲೆಕ್ಕ ಹಾಕಿದೆವು. ಹಳೆಯ ಟೈರಿನಲ್ಲಿ ಇನ್ನೂ ಅರ್ಧಕ್ಕಿಂತ ಹೆಚ್ಚು ಆಯುಷ್ಯವಿದೆ, ಒಂದು ಜೊತೆಗೆ ನೂರಿಪ್ಪತ್ತು ಡಾಲರ್ ಏಕೆ ಸುರಿಯಬೇಕು ಎಂದುಕೊಂಡೆವು. ಸವಕಳಿಯ ಲೆಕ್ಕ ನಮ್ಮ ಕಸುಬು. ಆ ಲೆಕ್ಕವನ್ನೇ ನಂಬಿದೆವು.

ಡಾಲರ್ ನೋಟಿನ ತೇಪೆ

ಶನಿವಾರ ಬೆಳಿಗ್ಗೆ ಎಂಪೋರಿಯಾದ ಕಮರ್ಷಿಯಲ್ ಸ್ಟ್ರೀಟ್ ನಮ್ಮೂರಿನ ತೇರುಬೀದಿಯಂತಿತ್ತು. 200 ಮೈಲಿಯವರು ಮೊದಲು ಹೊರಟರು, ಅವರ ನಂತರ ನಾವು. ಊರಿನ ಜನ ಮನೆಯಂಗಳದಲ್ಲಿ ಕುರ್ಚಿ ಹಾಕಿಕೊಂಡು, ದನದ ಕೊರಳಿಗೆ ಕಟ್ಟುವ ಗಂಟೆಗಳನ್ನು ಬಾರಿಸುತ್ತ ಹುರಿದುಂಬಿಸುತ್ತಿದ್ದರು. ಊರು ದಾಟಿ ಡಾಂಬರು ಮುಗಿದದ್ದೇ ನೂರಾರು ಸೈಕಲ್‌ಗಳ ಧೂಳು ಮೇಲೆದ್ದಿತು. ಮೇ ಕೊನೆಯ ಹೊತ್ತಿಗೆ ಹುಲ್ಲು ಇನ್ನೂ ಎಳೆಯದು, ಮೊಣಕಾಲಿನವರೆಗೆ. ಕಣ್ಣು ಹಾಯುವಷ್ಟು ದೂರ ಹಸಿರು. ದನ ದಾಟದಂತೆ ರಸ್ತೆಗೆ ಅಡ್ಡ ಹಾಕಿದ ಕಬ್ಬಿಣದ ಸರಳುಗಳ ಮೇಲೆ ಸೈಕಲ್ ಗಡಗಡ ಎನ್ನುತ್ತಿತ್ತು.

ನಲವತ್ತೊಂದನೇ ಮೈಲಿಯ ಇಳಿಜಾರಿನಲ್ಲಿ ನಮ್ಮಿಬ್ಬರ ಪೈಕಿ ಒಂದು ಸೈಕಲ್ಲಿನ ಹಿಂದಿನ ಟೈರು ಸೀಳಿತು. ಈ ಟೈರುಗಳಲ್ಲಿ ಟ್ಯೂಬ್ ಇರುವುದಿಲ್ಲ. ಒಳಗಿರುವ ಬಿಳಿ ದ್ರವ ಸಣ್ಣ ತೂತುಗಳನ್ನು ತಾನೇ ಮುಚ್ಚುತ್ತದೆ. ದೊಡ್ಡದಾದರೆ ರಬ್ಬರಿನ ಬತ್ತಿಯಂಥ ಪ್ಲಗ್ ತುರುಕಬೇಕು. ನಮ್ಮದು ತೂತಲ್ಲ, ಹೆಬ್ಬೆರಳಗಲದ ಸೀಳು. ಪ್ಲಗ್ ಹಾಕಿದೆವು, ಹಾರಿತು. ಎರಡು ಒಟ್ಟಿಗೆ ಹಾಕಿದೆವು, ಅರ್ಧ ಮೈಲಿಗೆ ಮತ್ತೆ ಗಾಳಿ ಹೋಯಿತು. ಕೊನೆಗೆ ಟೈರು ಬಿಚ್ಚಿ, ಸೀಳಿನ ಒಳಗಡೆ ಒಂದು ಡಾಲರ್ ನೋಟನ್ನು ಮಡಿಸಿ ತೇಪೆಯಿಟ್ಟು, ಮೇಲೆ ಟ್ಯೂಬ್ ಕೂರಿಸಿದೆವು. ಇದು ಇಲ್ಲಿನ ಸೈಕಲ್ ಸವಾರರಿಗೆಲ್ಲ ಗೊತ್ತಿರುವ ಉಪಾಯ. ಅಮೆರಿಕದ ನೋಟು ಹತ್ತಿ ಮತ್ತು ಲಿನನ್ ನಾರಿನದು, ಸುಲಭಕ್ಕೆ ಹರಿಯುವುದಿಲ್ಲ. ನೂರಿಪ್ಪತ್ತು ಡಾಲರ್ ಉಳಿಸಿದವರನ್ನು ಒಂದು ಡಾಲರ್ ಕಾಪಾಡಿತು.

ಇಷ್ಟಕ್ಕೆಲ್ಲ ಒಂದು ಗಂಟೆ ಹಿಡಿಯಿತು. ಅಣ್ಣಾರೂ ಹಾಸನದ ಗೆಳತಿಯೂ ಅಷ್ಟು ಹೊತ್ತೂ ನೆರಳಿಲ್ಲದ ಬಯಲಿನಲ್ಲಿ ನಮ್ಮ ಜೊತೆ ನಿಂತಿದ್ದರು. ಮುಂದಿನ ಊರಿನಲ್ಲಿ ಚೆಕ್‌ಪಾಯಿಂಟ್. ಅದನ್ನು ಗೊತ್ತಾದ ಸಮಯದೊಳಗೆ ದಾಟದಿದ್ದರೆ ಸ್ಪರ್ಧೆಯಿಂದ ಹೊರಗೆ. ಕಳೆದ ಹೊತ್ತನ್ನು ಸರಿದೂಗಿಸಲು ಅಣ್ಣಾರು ಮುಂದೆ ಬಂದರು. ಎದುರುಗಾಳಿಯನ್ನು ತಾವು ತಡೆದುಕೊಂಡು, ನಮ್ಮನ್ನು ಬೆನ್ನ ಹಿಂದೆ ಹಾಕಿಕೊಂಡು ಹದಿನೇಳು ಮೈಲಿ ಎಳೆದರು. ಚೆಕ್‌ಪಾಯಿಂಟ್ ಮುಚ್ಚಲು ಇಪ್ಪತ್ತು ನಿಮಿಷ ಇರುವಾಗ ತಲುಪಿದೆವು. ಆ ಅವಸರದಲ್ಲಿ ಅವರು ತಮ್ಮ ಬಾಟಲಿಯ ನೀರನ್ನು ಅರ್ಧವೂ ಕುಡಿದಿರಲಿಲ್ಲ ಎಂಬುದನ್ನು ನಾವು ಗಮನಿಸಲಿಲ್ಲ. ಮನೆಯವರೂ ಅಮ್ಮನೂ ಕಾದಿದ್ದರು. ಮೊಸರನ್ನ, ನಿಂಬೆ ಪಾನಕ, ಉಪ್ಪಿನಕಾಯಿ. ಸೆಳೆತ ಬಂದಾಗ ಅಮೆರಿಕದ ಸವಾರರು ಉಪ್ಪಿನಕಾಯಿಯ ರಸವನ್ನು ಪುಟ್ಟ ಬಾಟಲಿಯಲ್ಲಿ ಕುಡಿಯುತ್ತಾರೆ. ನಾವು ಮಾವಿನ ಮಿಡಿಯನ್ನೇ ಚೀಪಿದೆವು. ಅಣ್ಣಾರು ಮೊಸರನ್ನ ಮುಟ್ಟಲಿಲ್ಲ. "ಹಸಿವಿಲ್ರಿ" ಎಂದರು. ಅದನ್ನೂ ನಾವು ತಲೆಗೆ ಹಾಕಿಕೊಳ್ಳಲಿಲ್ಲ.

ಎಪ್ಪತ್ತೇಳನೇ ಮೈಲಿ

ಮಧ್ಯಾಹ್ನ ಮೂರರ ನಂತರ ಬಿಸಿಲು 32 ಡಿಗ್ರಿ ಸೆಲ್ಸಿಯಸ್ ಮುಟ್ಟಿತು. ರೋಣದವರಿಗೆ 32 ಡಿಗ್ರಿ ಯಾವ ಬಿಸಿಲು ಎನ್ನಬಹುದು. ಆದರೆ ಇಪ್ಪತ್ತು ವರ್ಷ ಎಸಿ ಆಫೀಸಿನಲ್ಲಿ ಕುಳಿತ ದೇಹಕ್ಕೆ ಅದು ಮರೆತುಹೋಗಿರುತ್ತದೆ. ಎಪ್ಪತ್ತೇಳನೇ ಮೈಲಿಯ ಹತ್ತಿರ ಒಂದು ಏರಿನಲ್ಲಿ ಅಣ್ಣಾರು ಸೈಕಲ್‌ನಿಂದ ಇಳಿದು, ಬೇಲಿಯ ಕಂಬ ಹಿಡಿದು ವಾಂತಿ ಮಾಡಿಕೊಂಡರು. ತೊಡೆಯಲ್ಲಿ ಸೆಳೆತ, ಮುಖ ಬಿಳುಚಿತ್ತು. "ಎರಡು ಮಿನಿಟು ಕೊಡ್ರಿ, ಹೊಂಟೇ ಬಿಡ್ತೀನಿ" ಎಂದರು.

ಹಾಸನದ ಗೆಳತಿ ಅವರ ಕೈ ಹಿಡಿದು ನಾಡಿ ನೋಡಿದರು. ಇವತ್ತು ಯಾವ ವಾರ, ಮಕ್ಕಳ ಹೆಸರೇನು ಎಂದೆಲ್ಲ ಕೇಳಿದರು. ಅಣ್ಣಾರ ಉತ್ತರ ಸರಿಯಾಗಿಯೇ ಇತ್ತು. "ಇದು ಬಿಸಿಲಿನ ಬಳಲಿಕೆ ಅಣ್ಣಾರೆ. ಮಾತು ತೊದಲಿದ್ದರೆ ಆಂಬುಲೆನ್ಸ್ ಕರೆಸ್ತಿದ್ದೆ. ಈಗ ನಿಲ್ಲಿಸಿದ್ರೆ ಸಂಜೆಗೆ ಸರಿಹೋಗ್ತೀರಿ. ಇನ್ನು ಒಂದು ಮೈಲಿ ತುಳಿದರೂ ನಾನು ಹೊಣೆಯಲ್ಲ" ಎಂದರು.

ಹುಲ್ಲುಗಾವಲಿನಲ್ಲಿ ಮರಗಳಿಲ್ಲ. ಹಳ್ಳದ ದಂಡೆಯಲ್ಲಿ ಮಾತ್ರ ಒಂದಿಷ್ಟು ಇರುತ್ತವೆ. ಇಳಿಜಾರಿನ ಕೆಳಗೆ ಅಂಥದ್ದೊಂದು ಹಳ್ಳ ಸಿಕ್ಕಿತು. ಅವರನ್ನು ನೆರಳಿನಲ್ಲಿ ಮಲಗಿಸಿ, ಕಾಲು ಎತ್ತರಿಸಿ, ಹಳ್ಳದ ನೀರಿನಲ್ಲಿ ಜೆರ್ಸಿ ಅದ್ದಿ ಕುತ್ತಿಗೆಗೂ ಕಂಕುಳಿಗೂ ಇಟ್ಟೆವು. ಹಾದುಹೋಗುವ ಪ್ರತಿಯೊಬ್ಬ ಸವಾರರೂ ವೇಗ ತಗ್ಗಿಸಿ ಏನಾದರೂ ಬೇಕೇ ಎಂದು ಕೇಳುತ್ತಿದ್ದರು. ಒಬ್ಬ ವಯಸ್ಸಾದ ಹೆಂಗಸು ತಮ್ಮ ಉಳಿದ ತಣ್ಣೀರಿನಲ್ಲಿ ಅರ್ಧ ನಮಗೆ ಸುರಿದು ಹೋದರು. ಮುಂದೆ ಅವರಿಗೆ ನೀರು ಎಲ್ಲಿ ಸಿಕ್ಕಿತೋ!

ಚೆಕ್‌ಪಾಯಿಂಟಿನ ಹೊರಗೆ ಮನೆಯವರ ಸಹಾಯ ಪಡೆದರೆ ಸ್ಪರ್ಧೆ ಅಲ್ಲಿಗೆ ಮುಗಿದಂತೆ. ನಮ್ಮಲ್ಲೊಬ್ಬರು ದಿಣ್ಣೆ ಹತ್ತಿ, ಸಿಗ್ನಲ್ ಸಿಕ್ಕಲ್ಲಿಂದ ಫೋನ್ ಮಾಡಿ ಕಾರು ತರಲು ಹೇಳಿದರು. ಈಗ ನಮ್ಮ ಮಾತಿನ ಪ್ರಶ್ನೆ ಬಂತು. ಯಾರನ್ನೂ ಬಿಟ್ಟುಹೋಗುವಂತಿಲ್ಲ ಎಂದು ಒಪ್ಪಿಕೊಂಡವರು ನಾವು. ಅದಕ್ಕಿಂತ ಹೆಚ್ಚಾಗಿ, ಅಣ್ಣಾರು ಈ ಸ್ಥಿತಿಗೆ ಬರಲು ಕಾರಣ ನಮ್ಮ ಟೈರು ಎಂಬುದು ನಮ್ಮಿಬ್ಬರಿಗೂ ಗೊತ್ತಿತ್ತು. "ನಾಲ್ವರೂ ಕಾರಿನಲ್ಲಿ ಹೋಗೋಣ" ಎಂದೆವು.

ಮಲಗಿದ್ದಲ್ಲಿಂದಲೇ ಅಣ್ಣಾರು ರೇಗಿದರು. "ನನ್ನ ಸಲುವಾಗಿ ನೀವ್ಯಾಕ ನಿಂದರ್ತೀರಿ? ಹದಿನೇಳು ಮೈಲಿ ನಿಮ್ಮನ್ನ ಎಳಕೊಂಡು ಬಂದದ್ದು ಇಲ್ಲಿ ಕುಂಡ್ರಸಾಕ ಏನು? ನಡೀರಿ ಮುಂದ." ಹಾಸನದ ಗೆಳತಿ ತಮ್ಮ ಎದೆಯ ನಂಬರ್ ಬಿಚ್ಚಿ ಜೇಬಿಗೆ ಹಾಕಿಕೊಂಡರು. "ನಾನು ಇವರ ಜೊತೆ ಇರ್ತೀನಿ. ಇಲ್ಲಿ ನೀವಿಬ್ಬರಿದ್ದು ಮಾಡೋದೇನೂ ಇಲ್ಲ" ಎಂದರು. ನಾಲ್ವರಲ್ಲಿ ಎಲ್ಲರಿಗಿಂತ ಗಟ್ಟಿಯಾಗಿ ತುಳಿಯುತ್ತಿದ್ದವರು ಅವರೇ. ಅವರು ಬಿಟ್ಟುಕೊಟ್ಟದ್ದು ಎಷ್ಟೆಂದು ನಮಗೆ ಗೊತ್ತಿತ್ತು. ದೂರದಲ್ಲಿ ಕಾರಿನ ಧೂಳು ಕಾಣಿಸುವವರೆಗೂ ಇದ್ದು, ಆಮೇಲೆ ನಾವಿಬ್ಬರು ಹೊರಟೆವು.

ಕೊನೆಯ ಇಪ್ಪತ್ಮೂರು ಮೈಲಿಯ ಬಗ್ಗೆ ಹೇಳಲು ಹೆಚ್ಚೇನೂ ಇಲ್ಲ. ಇಬ್ಬರೂ ಮಾತಾಡಲಿಲ್ಲ. ಡಾಲರ್ ನೋಟು ತಡೆದುಕೊಂಡಿತು. ಸಂಜೆ ಎಂಟೂಕಾಲು ದಾಟಿ, ಸೂರ್ಯ ಇನ್ನೂ ಮುಳುಗುವ ಮೊದಲು ಕಮರ್ಷಿಯಲ್ ಸ್ಟ್ರೀಟ್ ಹೊಕ್ಕೆವು. ಎರಡೂ ಬದಿಯಲ್ಲಿ ಜನ, ಬೆಳಗಿನ ಅದೇ ಗಂಟೆಗಳ ಸದ್ದು. ಗೆರೆಯ ಆಚೆ, ಕುತ್ತಿಗೆಗೆ ಒದ್ದೆ ಟವೆಲ್ ಸುತ್ತಿಕೊಂಡು, ಅಮ್ಮನ ಪಕ್ಕದ ಮಡಿಸುವ ಕುರ್ಚಿಯಲ್ಲಿ ಅಣ್ಣಾರು ಕುಳಿತಿದ್ದರು. ನಮ್ಮನ್ನು ಕಂಡು ಎದ್ದು ನಿಂತು ಶಿಳ್ಳೆ ಹೊಡೆದರು. ಕೈಯಲ್ಲಿ ಮೊಸರನ್ನದ ಡಬ್ಬಿ ಇತ್ತು, ಖಾಲಿಯಾಗಿತ್ತು.

ಟೈರಿನ ವಿಷಯ ಎತ್ತಿ ತಪ್ಪಾಯಿತು ಎಂದಾಗ ಅವರು ಕೈಯಾಡಿಸಿಬಿಟ್ಟರು. "ಟೈರಿಂದೇನ್ ಬಿಡ್ರಿ, ನೀರು ಕುಡೀಲಿಲ್ಲ ನಾ." ಹಾಗೆ ಅವರು ಹೇಳಿದರೂ ನಮ್ಮ ಖಾತೆಯಲ್ಲಿ ಅದು ಬಾಕಿಯಾಗಿಯೇ ಉಳಿದಿದೆ.

ಬರುವವರಿಗೆ ನಾಲ್ಕು ಮಾತು

ಕರ್ನಾಟಕದಲ್ಲಿ ಸೈಕಲ್ ಹುಚ್ಚಿನವರಿಗೆ ಕೊರತೆಯಿಲ್ಲ. ಬೆಂಗಳೂರಿನಲ್ಲಿ 200, 300, 400, 600 ಕಿಲೋಮೀಟರಿನ ಬ್ರೆವೆ ಸವಾರಿಗಳು ನಡೆಯುತ್ತವೆ. ಅಂಥವರು ಅಮೆರಿಕಕ್ಕೆ ಬಂದಾಗ ಈ ಸ್ಪರ್ಧೆಯ ಬಗ್ಗೆ ನಮ್ಮನ್ನು ಕೇಳುತ್ತಾರೆ. ನಮಗೆ ಗೊತ್ತಾದದ್ದು ಇಷ್ಟು. 40ರಿಂದ 50 ಮಿಲಿಮೀಟರ್ ಅಗಲದ, ಪಕ್ಕದ ಗೋಡೆ ಗಟ್ಟಿಯಿರುವ ಹೊಸ ಟೈರು ಹಾಕಿಸಿ. ಎರಡು ಟ್ಯೂಬ್, ಪ್ಲಗ್, ಪಂಪು, ಚೈನ್ ಕೊಂಡಿ, ಜೊತೆಗೊಂದು ಡಾಲರ್ ನೋಟು ಇರಲಿ. ಹಸಿವಾಗುವ ಮೊದಲು ತಿನ್ನಿ, ಬಾಯಾರುವ ಮೊದಲು ಕುಡಿಯಿರಿ, ನೀರಿಗೆ ಉಪ್ಪು ಬೆರೆಸಿ. ತಲೆನೋವು, ವಾಂತಿ, ಸೆಳೆತ ಬಂದರೆ ನಿಂತು ನೆರಳು ಹುಡುಕಿ. ಮಾತು ತಪ್ಪಿದರೆ, ಗೊಂದಲವಾದರೆ ತಡಮಾಡದೆ 911ಕ್ಕೆ ಕರೆ ಮಾಡಿ. 2024ರಲ್ಲಿ ಆಸ್ಟ್ರೇಲಿಯಾದ ಲಾಕ್ಲನ್ ಮಾರ್ಟನ್ 200 ಮೈಲಿಯನ್ನು ಒಂಬತ್ತು ಗಂಟೆ ಚಿಲ್ಲರೆಯಲ್ಲಿ ಮುಗಿಸಿದರು. ಅದೇ ಗೆರೆಗೆ ಮಧ್ಯರಾತ್ರಿ ಕಳೆದು ಬರುವವರಿಗೂ ಜನ ಗಂಟೆ ಬಾರಿಸುತ್ತಾರೆ. ಯಾರ ಗಡಿಯಾರ ನೋಡಿಯೂ ಓಡಬೇಕಾಗಿಲ್ಲ.

ಮುಂದಿನ ಲಾಟರಿಗೆ ನಾಲ್ವರ ಹೆಸರನ್ನೂ ಒಟ್ಟಿಗೆ ಕೊಟ್ಟಿದ್ದೇವೆ. ಅಣ್ಣಾರಿಗೆ ಇದು ಮೂರನೇ ಅಟೆಂಪ್ಟ್. ನಮ್ಮಿಬ್ಬರ ಸೈಕಲ್‌ಗಳಿಗೂ ಹೊಸ ಟೈರು ಬಂದಿವೆ. ತುಮಕೂರಿನ ಅಮ್ಮ ಊರಿಗೆ ವಾಪಸಾಗಿದ್ದಾರೆ. ಮೊನ್ನೆ ಫೋನಿನಲ್ಲಿ ಮತ್ತೆ ಅದೇ ಪ್ರಶ್ನೆ ಕೇಳಿ, ಉತ್ತರಕ್ಕೆ ಕಾಯದೆ, "ಯಾವ ತಿಂಗಳು ಅಂತ ಮೊದಲೇ ಹೇಳಿ, ಮಿಡಿ ಉಪ್ಪಿನಕಾಯಿ ಹಾಕಿ ಕಳಿಸ್ತೀನಿ" ಎಂದರು.